ಬಾತುಕೋಳಿಯ ರೆಕ್ಕೆ

ನಮ್ಮ ಊರಿನ ಸತ್ತವರೆಲ್ಲ ಒಂದೇ ಬಾತುಕೋಳಿಯ ರೆಕ್ಕೆ ಕಟ್ಟಿಕೊಂಡು ಗೋಡೆಯ ಮೇಲೆ ತೂಗುತ್ತಿದ್ದಾರೆ. ಬಹಳ ವರ್ಷ ಇದು ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ, ನನಗೆ ಮತ್ತು ನನ್ನ ಚಿಕ್ಕಮ್ಮನಿಗೆ. ಬೇಕರಿಯವನ ಹಿತ್ತಲಲ್ಲಿ ಒಂದು ದೊಡ್ಡ ಬಿಳಿ ಬಾತುಕೋಳಿ ಇತ್ತು. ಮಹಾ ಜಗಳಗಂಟಿ. ಒಂದು ಮಧ್ಯಾಹ್ನ ಅದು ರೆಕ್ಕೆ ಬಿಚ್ಚಿಕೊಂಡು ಚಿಕ್ಕಮ್ಮನ ಮೇಲೇ ಏರಿ ಬಂತು. ಚಿಕ್ಕಮ್ಮನ ಕೈಯಲ್ಲಿ ಸ್ಟುಡಿಯೋದ ಕ್ಯಾಮೆರಾ ಇತ್ತು, ಹೆದರಿಕೆಗೆ ಬೆರಳು ಒತ್ತಿಬಿಟ್ಟಿತು. ಬಾತುಕೋಳಿ ಕಚ್ಚಿದ್ದು ಕಚ್ಚಿತು, ಆದರೆ ಅದರ ರೆಕ್ಕೆ ಮಾತ್ರ ಒಂದು ಗರಿಯೂ ಮಸುಕಾಗದೆ ಸಿಕ್ಕಿತು. ಅದನ್ನೇ ಚಿಕ್ಕಮ್ಮ ಕಂಪ್ಯೂಟರಿನಲ್ಲಿ ದೊಡ್ಡದು, ನಡುವಿನದು, ಚಿಕ್ಕದು ಎಂದು ಮೂರು ಅಳತೆಗೆ ಮಾಡಿ ಇಟ್ಟುಕೊಂಡಿದ್ದಳು.

ನಮ್ಮದು ಫೋಟೋ ಸ್ಟುಡಿಯೋ. ಮುಂದಿನ ಕೋಣೆಯಲ್ಲಿ ನಾನು ಕಟ್ಟು ಹಾಕುತ್ತೇನೆ, ಅಂದರೆ ಗಾಜು ಕೊಯ್ದು, ಪಟ್ಟಿ ಜೋಡಿಸಿ, ಹಿಂದೆ ಹಲಗೆ ಬಡಿಯುವುದು. ಒಳಕೋಣೆಯಲ್ಲಿ ಚಿಕ್ಕಮ್ಮ ಮುಖ ತಿದ್ದುತ್ತಾಳೆ. ಯಾರಾದರೂ ತೀರಿಕೊಂಡರೆ ಮನೆಯವರು ಒಂದು ಫೋಟೋ ತರುತ್ತಾರೆ. ಬಸ್ ನಿಲ್ದಾಣದಲ್ಲೋ ಮದುವೆ ಊಟದ ಸಾಲಿನಲ್ಲೋ ತೆಗೆದದ್ದು. ಚಿಕ್ಕಮ್ಮ ಹಿಂದಿನ ಜನರನ್ನೆಲ್ಲ ಅಳಿಸಿ, ಮೋಡ ಹಾಸಿ, ಮುಖದ ಗಾಯ, ಕಲೆ ಒರೆಸಿ, ಬೆನ್ನಿಗೆ ರೆಕ್ಕೆ ಕೂರಿಸಿ ಕೊಡುತ್ತಾಳೆ. ಬಡ್ಡಿ ವಸೂಲಿಗೆ ಬಾಗಿಲು ಒದೆಯುತ್ತಿದ್ದವನೂ, ಸೊಸೆಗೆ ಅನ್ನ ಅಳೆದು ಹಾಕುತ್ತಿದ್ದವಳೂ ನಮ್ಮ ಅಂಗಡಿ ದಾಟಿದ ಮೇಲೆ ದೇವದೂತರೇ. ಬೀದಿಯವರೆಲ್ಲ ಅವಳನ್ನು ರೆಕ್ಕೆ ಚಿಕ್ಕಮ್ಮ ಎಂದೇ ಕರೆಯುತ್ತಾರೆ.

ಚಿಕ್ಕಮ್ಮನಷ್ಟು ಪುಕ್ಕಲಿಯನ್ನು ನಾನು ಕಂಡಿಲ್ಲ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಬರುತ್ತಾಳೆ. ಏಣಿ ನೋಡಿದರೆ ಕಣ್ಣು ಮುಚ್ಚುತ್ತಾಳೆ. ಇದೇ ಸ್ಟುಡಿಯೋದಲ್ಲಿ ಕುಂಚ ಹಿಡಿದು ತಿದ್ದುವುದನ್ನು ಕಲಿತು, ಇಪ್ಪತ್ತಾರಕ್ಕೆ ಗಂಡನನ್ನು ಕಳೆದುಕೊಂಡು, ನಲವತ್ತಾರನೇ ವಯಸ್ಸಿಗೆ ಕಂಪ್ಯೂಟರ್ ಕಲಿತವಳು. ಅವಳದು ಒಂದೇ ಕಟ್ಟಳೆ, ಬದುಕಿರುವವರಿಗೆ ರೆಕ್ಕೆ ಹಾಕುವುದಿಲ್ಲ. ಶಾಲೆಯವರು ನಾಟಕದ ಮಕ್ಕಳಿಗೆ ರೆಕ್ಕೆ ಹಾಕಿಕೊಡಿ ಎಂದು ಬಂದಾಗ ಒಳಗಿನಿಂದಲೇ ಚಿಲಕ ಹಾಕಿಕೊಂಡಳು.

"ಮೂಢನಂಬಿಕೆ ಇದು," ಎಂದು ನಾನು ರೇಗಿದೆ.

"ಹೌದು ಕಣೇ ಮೂಗಿನ ತುದಿ, ಮೂಢನಂಬಿಕೆನೇ. ಹಾಕಲ್ಲ ಅಂದ್ರೆ ಹಾಕಲ್ಲ," ಎಂದಳು. ನನ್ನ ಕೋಪ ಸದಾ ಮೂಗಿನ ತುದಿಯಲ್ಲೇ ಇರುತ್ತದೆಂದು ಅವಳು ನನಗಿಟ್ಟ ಹೆಸರು ಅದು.

ತಪ್ಪು ಶುರುವಾದದ್ದು ನನ್ನಿಂದ. ಚಿಕ್ಕಮ್ಮ ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದ ದಿನ ಒಬ್ಬ ಬಸ್ ಡ್ರೈವರ್ ಬಂದ. ಸಮವಸ್ತ್ರದ ಗುಂಡಿ ಒಂದಕ್ಕೊಂದು ತಪ್ಪಿ ಹಾಕಿಕೊಂಡಿದ್ದ. ಅವನ ಅವಳಿ ಹೆಣ್ಣುಮಕ್ಕಳಲ್ಲಿ ದೊಡ್ಡವಳು ಮೂರು ದಿನದ ಜ್ವರಕ್ಕೆ ತೀರಿಕೊಂಡಿದ್ದಳು. ದೊಡ್ಡವಳು ಅಂದರೆ ನಾಲ್ಕು ನಿಮಿಷಕ್ಕೆ ದೊಡ್ಡವಳು, ಆರು ವರ್ಷದ ಮಗು. ಮೊಬೈಲಿನಲ್ಲಿ ಒಂದು ಸೆಲ್ಫಿ ತೋರಿಸಿದ. ಅಪ್ಪ ಮಧ್ಯದಲ್ಲಿ, ಆಚೆಗೊಬ್ಬಳು ಈಚೆಗೊಬ್ಬಳು, ಒಂದೇ ಥರದ ಫ್ರಾಕು, ಒಂದೇ ಥರದ ಎರಡು ಜಡೆ.

"ಇವಳು ಮೇಡಂ," ಎಂದು ಬೆರಳಿಟ್ಟ. ಬೆರಳು ಮುಖದ ಮೇಲೆ ಬಿದ್ದಿದ್ದಕ್ಕೆ ತಾನೇ ಬೆಚ್ಚಿ ಕೈ ಹಿಂದಕ್ಕೆ ತೆಗೆದುಕೊಂಡ.

ನಾನು ಫೋಟೋ ಕಳಿಸಿಕೊಂಡು, ಕವರಿನ ಮೇಲೆ 'ಎಡಗಡೆಯವಳು' ಎಂದು ಬರೆದೆ. ಅಷ್ಟೇ ಬರೆದದ್ದು. ಆ ಸೆಲ್ಫಿ ಕನ್ನಡಿಯಲ್ಲಿ ಕಂಡಂತೆ ತಿರುಗಿ ಬಂದಿತ್ತು, ಅಪ್ಪನ ಅಂಗಿಯ ಮೇಲಿನ ಅಕ್ಷರಗಳು ಉಲ್ಟಾ ಇದ್ದವು. ಅಂಥ ಫೋಟೋ ಬಂದರೆ ಚಿಕ್ಕಮ್ಮ ಬೇರೆ ಯಾವ ಕೆಲಸಕ್ಕೂ ಮುಂಚೆ ಅದನ್ನು ತಿರುಗಿಸಿ ನೇರ ಮಾಡುತ್ತಾಳೆ. ಇಪ್ಪತ್ತು ಸಲ ನೋಡಿದ್ದೇನೆ, ಆದರೂ ಆವತ್ತು ನನಗೆ ಹೊಳೆಯಲಿಲ್ಲ. ಮರುದಿನ ಅವಳು ಊದಿದ ಕೆನ್ನೆ ಹಿಡಿದುಕೊಂಡೇ ಫೋಟೋ ತಿರುಗಿಸಿದಳು. ಆಮೇಲೆ ಕವರ್ ನೋಡಿ, ಈಗ ಎಡಗಡೆಗೆ ಬಂದಿದ್ದವಳನ್ನು ಕತ್ತರಿಸಿಕೊಂಡು, ಚಿಕ್ಕ ಅಳತೆಯ ರೆಕ್ಕೆ ಕೂರಿಸಿದಳು.

ಫೋಟೋ ಒಯ್ಯಲು ಬಂದಾಗ ಡ್ರೈವರನನ್ನು ಕೇಳಿದೆ, "ಒಂದ್ಸಲ ನೋಡ್ತೀರಾ?"

"ಬೇಡ, ಕಟ್ಟಿಕೊಡಿ," ಎಂದ. ಬಹಳ ಜನ ಹಾಗೇ ಅನ್ನುತ್ತಾರೆ. ನಾನು ಪೇಪರು ಸುತ್ತಿ ದಾರ ಬಿಗಿದೆ.

ಒಂಬತ್ತು ದಿನದ ಮೇಲೆ ಮಧ್ಯಾಹ್ನ ಅವನು ಮತ್ತೆ ಬಂದ. ಜಗಳಕ್ಕೆ ಬಂದಿದ್ದರೆ ಚೆನ್ನಾಗಿರುತ್ತಿತ್ತು, ನಾನೂ ಎರಡು ಮಾತು ಆಡುತ್ತಿದ್ದೆ. ಅವನು ಮೆತ್ತಗೆ ಹೇಳಿದ, "ಮೇಡಂ, ಅದು ಚಿಕ್ಕವಳ ಫೋಟೋ."

ಚಿಕ್ಕಮ್ಮ ಒಳಗಿನಿಂದ ಬಂದವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ದೊಡ್ಡವಳಿಗೆ ಹುಬ್ಬಿನ ಮೇಲೆ ಗಾಯದ ಗುರುತಿತ್ತು. ಫೋಟೋದಲ್ಲಿ ಇರಲಿಲ್ಲ. ನೀವು ಕಲೆ ಎಲ್ಲ ಒರೆಸ್ತೀರಲ್ಲ, ಹಾಗೆ ಅಂದ್ಕೊಂಡ್ವಿ. ನಾನು, ನನ್ನ ಹೆಂಡತಿ, ಇಬ್ರೂ ಹಾಗೇ ಅಂದ್ಕೊಂಡ್ವಿ. ಮಗು ನೋಡಿದ ತಕ್ಷಣ ಹೇಳಿತು, ಇದು ನಾನು, ನನ್ನ ರಿಬ್ಬನ್ ಬಿಚ್ಚಿ ಹೋಗಿತ್ತಲ್ಲ ಅಂತ. ನಾವೇ ನಂಬಲಿಲ್ಲ."

ಮನೆಗೆ ಬಂದವರೆಲ್ಲ ಆ ಮಗುವನ್ನು ಎತ್ತಿಕೊಂಡು ಗೋಡೆ ತೋರಿಸಿ, ನೋಡು, ಅಕ್ಕ ಏಂಜಲ್ ಆಗಿ ಮೇಲೆ ಹೋಗಿದ್ದಾಳೆ, ಎಂದು ಸಮಾಧಾನ ಹೇಳಿದ್ದರು. ಗೋಡೆಯ ಮೇಲೆ ಇದ್ದದ್ದು ಅವಳೇ. ಅಂದಿನಿಂದ ಅವಳು ಗಂಟೆಗೊಮ್ಮೆ ಅಮ್ಮನಿಗೆ ಬೆನ್ನು ಮುಟ್ಟಿ ನೋಡು ಅನ್ನುತ್ತಿದ್ದಳು, ರೆಕ್ಕೆ ಮೊಳೆಯುತ್ತಿದೆಯೇನೋ ಎಂದು. ಐದು ದಿನದಿಂದ ಜ್ವರ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಏನೂ ಇಲ್ಲ, ಊಟ ಮಾಡಿಸಿ ಎಂದಿದ್ದರು. ಅವಳು ತುತ್ತಿಗೆ ಬಾಯಿ ಬಿಡುತ್ತಿರಲಿಲ್ಲ.

"ದೊಡ್ಡವಳಿಗೂ ಜ್ವರಾನೇ ಬಂದಿದ್ದು," ಎಂದ ಡ್ರೈವರ್. ಅದನ್ನು ಹೇಳಿ ಕೌಂಟರಿನ ಗಾಜಿನ ಮೇಲೆ ಬೆರಳಿನಿಂದ ಏನನ್ನೋ ಉಜ್ಜುತ್ತಾ ನಿಂತ.

ಚಿಕ್ಕಮ್ಮ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಕಂಪ್ಯೂಟರ್ ಆರಿಸಲಿಲ್ಲ, ಬೀಗ ಜಗ್ಗಿ ನೋಡಲಿಲ್ಲ. ನಾನು ಇಕ್ಕಳ ಮತ್ತು ಸುತ್ತಿಗೆಯ ಚೀಲ ಹೆಗಲಿಗೇರಿಸಿ ಹಿಂದೆ ಓಡಿದೆ.

ಅವರ ಮನೆ ಮೂರನೇ ಮಹಡಿ. ಡ್ರೈವರ್ ಮುಂದೆ ಹತ್ತಿ ಹೋದ. ಎರಡನೇ ಮಹಡಿಯ ತಿರುವಿನಲ್ಲಿ ಚಿಕ್ಕಮ್ಮ ಕಂಬಿ ಹಿಡಿದು ನಿಂತಳು.

"ನಿನ್ನ ಚಿಕ್ಕಪ್ಪಂಗೆ ನಾನೇ ರೆಕ್ಕೆ ಹಾಕಿದ್ದೆ," ಎಂದಳು. "ತಮಾಷೆಗೆ. ಕುಂಚದಲ್ಲಿ ಬರೆದು, 'ನನ್ನ ದೇವದೂತ' ಅಂತ ಕೆಳಗೆ ಬರೆದು ಕೊಟ್ಟಿದ್ದೆ. ನಕ್ಕು ನಕ್ಕು ಸಾಕಾಗಿತ್ತು ಅವರಿಗೆ. ಹನ್ನೊಂದನೇ ದಿನಕ್ಕೆ ಸಾರವೆಯಿಂದ ಬಿದ್ದರು."

ಚಿಕ್ಕಪ್ಪ ಕಟ್ಟಡಗಳಿಗೆ ಬಣ್ಣ ಬಳಿಯುತ್ತಿದ್ದವರು. ಗೋಡೆಗೆ ಕಟ್ಟಿದ ಸಾರವೆ ಮುರಿದು ಬಿದ್ದು ಸತ್ತರೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಈ ಫೋಟೋದ ವಿಷಯ ಯಾರಿಗೂ ಗೊತ್ತಿರಲಿಲ್ಲ.

"ಹಗ್ಗ ಕೊಳೆತಿತ್ತು, ಅದಕ್ಕೆ ಬಿದ್ದರು," ಎಂದೆ ನಾನು.

"ನಂಗೂ ಗೊತ್ತು. ಮೂವತ್ತೆರಡು ವರ್ಷದಿಂದ ಅದನ್ನೇ ಹೇಳ್ಕೊಳ್ತಿದ್ದೀನಿ. ಇವತ್ತಿಗೆ ಆ ಮಗುವಿನ ಫೋಟೋ ಮಾಡಿ ಹತ್ತು ದಿನ ಆಯ್ತು ಕಣೇ."

ನಾಳೆ ಹನ್ನೊಂದು ಎಂದು ಅವಳು ಹೇಳಲಿಲ್ಲ. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ಉಳಿದ ಮೆಟ್ಟಿಲು ಹತ್ತುವಾಗ ಬೆರಳು ಮಡಚಿ ದಿನ ಎಣಿಸಿದೆ, ಸುಳ್ಳು ಯಾಕೆ ಹೇಳಲಿ.

ಒಳಗೆ ಧಗೆ. ಮಟಮಟ ಮಧ್ಯಾಹ್ನದಲ್ಲಿ ಕಿಟಕಿಗಳೆಲ್ಲ ಮುಚ್ಚಿದ್ದವು. ಮಂಚದ ಮೇಲೆ ಮಗು ಮಂಡಿ ಮಡಚಿಕೊಂಡು ಮಲಗಿತ್ತು. ಅದರ ಸೊಂಟಕ್ಕೆ ಒಂದು ದುಪಟ್ಟಾ ಸುತ್ತಿ, ಇನ್ನೊಂದು ತುದಿಯನ್ನು ಮಂಚದ ಕಾಲಿಗೆ ಗಂಟು ಹಾಕಿತ್ತು.

"ನಾವು ಕಟ್ಟಿಲ್ಲ," ಎಂದಳು ತಾಯಿ, ಥರ್ಮಾಮೀಟರ್ ಕೈಯಲ್ಲಿ ಹಿಡಿದುಕೊಂಡೇ. "ಬಿಚ್ಚಿದ್ರೆ ಕಿರುಚ್ತಾಳೆ. ಬಿಟ್ರೆ ಹಾರಿ ಹೋಗ್ತೀನಿ ಅಂತಾಳೆ. ಕಿಟಕಿ ತೆಗೆಯೋಕೂ ಬಿಡಲ್ಲ."

ಮಗು ಚಿಕ್ಕಮ್ಮನನ್ನು ನೋಡಿತು. "ರೆಕ್ಕೆ ಹಾಕೋ ಅಜ್ಜಿನಾ?"

"ಹೌದಮ್ಮ," ಎಂದಳು ಚಿಕ್ಕಮ್ಮ. "ತಪ್ಪು ಮಾಡಿಬಿಟ್ಟೆ. ನಿನ್ನ ಫೋಟೋ ತಗೊಂಡು ಹೋಗ್ತೀನಿ, ಆಯ್ತಾ?"

"ಬೇಡ! ಅದು ಹೋದ್ರೆ ನಾನೂ ಹೋಗ್ತೀನಿ." ಮಗು ದುಪಟ್ಟಾದ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿತು. "ಇಲ್ಲೇ ತೆಗೀರಿ. ರೆಕ್ಕೆ ಮಾತ್ರ ತೆಗೀರಿ."

ನಾನು ಗೋಡೆಯಿಂದ ಕಟ್ಟು ಇಳಿಸಿದೆ. ಹಿಂದಿನ ಮೊಳೆಗಳನ್ನು ಇಕ್ಕಳದಿಂದ ಒಂದೊಂದಾಗಿ ಕಿತ್ತು, ಹಲಗೆ ತೆಗೆದು, ಫೋಟೋ ಹೊರಗೆಳೆದೆ. ನಾನೇ ಬಡಿದ ಮೊಳೆಗಳು, ಗಟ್ಟಿಯಾಗಿ ಬಡಿದಿದ್ದೆ. ತಾಯಿ ಹೊಲಿಗೆ ಡಬ್ಬಿಯಿಂದ ಕತ್ತರಿ ತಂದುಕೊಟ್ಟಳು. ಚಿಕ್ಕಮ್ಮ ಕತ್ತರಿಯನ್ನು ಎರಡು ಸಲ ಗಾಳಿಯಲ್ಲಿ ಆಡಿಸಿ ನೋಡಿ ಮತ್ತೆ ಮುಚ್ಚಿದಳು.

"ಕೊಡು, ನಾನು ಕತ್ತರಿಸ್ತೀನಿ," ಎಂದೆ.

"ಬೇಡ. ಅಂಟಿಸಿದವಳು ನಾನು."

ಮಂಚದ ಅಂಚಿನಲ್ಲಿ ಕೂತು ಶುರು ಮಾಡಿದಳು. ಬದುಕಿರುವ ಮಗುವಿನ ಚಿತ್ರಕ್ಕೆ ಮಗುವಿನ ಕಣ್ಣೆದುರೇ ಕತ್ತರಿ ಹಾಕಬೇಕು. ರೆಕ್ಕೆ ಅಂಟಿರುವುದು ಭುಜಕ್ಕೆ, ನಡುವೆ ಕೂದಲೆಳೆಯಷ್ಟೂ ಜಾಗವಿಲ್ಲ. ಮಗು ಫೋಟೋದ ಒಂದು ಮೂಲೆ ಹಿಡಿದುಕೊಂಡು ರೆಪ್ಪೆ ಬಡಿಯದೆ ನೋಡುತ್ತಿತ್ತು. ಡ್ರೈವರ್ ಗೋಡೆಯ ಕಡೆ ತಿರುಗಿ ನಿಂತ. ಎಡಗಡೆಯ ರೆಕ್ಕೆ ಬಂತು, ಫ್ರಾಕಿನ ತೋಳು ಹಾಗೇ ಉಳಿಯಿತು. ಬಲಗಡೆಯದು ಅರ್ಧ ಬಂದಿತ್ತು, ಕತ್ತರಿ ಜಾರಿ ಭುಜದೊಳಕ್ಕೆ ಒಂದು ನೂಲಿನಷ್ಟು ಇಳಿಯಿತು.

ಮಗು ಸರಕ್ಕನೆ ಉಸಿರೆಳೆದುಕೊಂಡು ತನ್ನ ಬಲ ಭುಜ ಹಿಡಿದುಕೊಂಡಿತು.

ಚಿಕ್ಕಮ್ಮ ಕತ್ತರಿ ಕೆಳಗಿಟ್ಟಳು.

"ನೋ... ನೋವಾಯ್ತಾ ಕಂದಾ?"

ಮಗು ಕೈ ತೆಗೆದು ಭುಜ ನೋಡಿಕೊಂಡಿತು. ಬೆರಳಿನಿಂದ ಒತ್ತಿ ನೋಡಿತು. ಮತ್ತೊಮ್ಮೆ ಒತ್ತಿತು.

"ಇಲ್ಲ," ಎಂದಿತು, ಆಶ್ಚರ್ಯದಿಂದ.

ಉಳಿದದ್ದನ್ನು ಚಿಕ್ಕಮ್ಮ ಒಂದೇ ಉಸಿರಿಗೆ ಕತ್ತರಿಸಿದಳು. ಮಗು ತಿರುಗಿ ಕೂತು ಅಂಗಿ ಮೇಲೆತ್ತಿ ಬೆನ್ನು ತೋರಿಸಿತು. ಚಿಕ್ಕಮ್ಮ ಅಂಗೈಯಿಂದ ಇಡೀ ಬೆನ್ನು ಸವರಿದಳು.

"ಏನೂ ಇಲ್ಲ ಕಣಮ್ಮ. ಬರೀ ಬೆವರುಗುಳ್ಳೆ. ಕಿಟಕಿ ತೆಗೆದ್ರೆ ಅದೂ ಹೋಗುತ್ತೆ."

ಮಗು ಹಾಸಿಗೆಯ ಮೇಲೆ ಬಿದ್ದಿದ್ದ ಎರಡು ರೆಕ್ಕೆಗಳನ್ನು ದೂರದಿಂದಲೇ ನೋಡಿತು. "ಇದು ಯಾರದು?"

ನಾನು ಚಿಕ್ಕಮ್ಮನಿಗೆ ಕಣ್ಸನ್ನೆ ಮಾಡಿದೆ. ಊರಿನ ಅರ್ಧ ಮನೆಗಳ ಗುಟ್ಟು ಅದು, ಆ ತಾಯಿ ತಂದೆ ಬೇರೆ ಎದುರಿಗೇ ಇದ್ದಾರೆ. ಚಿಕ್ಕಮ್ಮ ನನ್ನ ಕಡೆ ನೋಡಲೇ ಇಲ್ಲ.

"ಬಾತುಕೋಳೀದು," ಎಂದಳು. "ಬೇಕರಿ ಹಿಂದೆ ಇತ್ತು."

"ಕಚ್ತಿತ್ತಾ?"

"ಕಚ್ಚದೆ! ಇಲ್ಲಿ ನೋಡು," ಎಂದು ಸೀರೆ ತುಸು ಎತ್ತಿ ಮೀನಖಂಡದ ಹಳೆಯ ಕಲೆ ತೋರಿಸಿದಳು. ಮಗು ಬಗ್ಗಿ, ಆ ಕಲೆಯ ಮೇಲೆ ಬೆರಳಾಡಿಸಿತು. ತಾಯಿಯ ಗಂಟಲಿನಿಂದ ನಗುವೋ ಅಳುವೋ ಗೊತ್ತಾಗದ ಒಂದು ಸದ್ದು ಬಂತು.

ಡ್ರೈವರ್ ಈಗ ಇತ್ತ ತಿರುಗಿದ. "ಅಮ್ಮಾ, ದೊಡ್ಡವಳದು ಸರಿಯಾಗಿ ಮಾಡಿಕೊಡಿ. ರೆಕ್ಕೆ ಹಾಕಿ. ನನ್ನ ಮಗು ಮೇಲೆ ಸುಖವಾಗಿದೆ ಅಂತ ದಿನಾ ನೋಡ್ಕೋಬೇಕು ನಾನು."

"ಅಕ್ಕಂಗೆ ಹಾಕ್ಬೇಡಿ," ಎಂದಿತು ಮಗು.

ಎಲ್ಲರೂ ಅವಳನ್ನೇ ನೋಡಿದೆವು.

"ಅಕ್ಕಂಗೆ ಎತ್ತರ ಅಂದ್ರೆ ಹೆದರಿಕೆ. ಜಾರುಬಂಡೆ ಮೇಲೆ ಕೂತ್ರೂ ಅಳ್ತಾಳೆ. ಯಾವಾಗ್ಲೂ ನಾನೇ ಹಿಂದೆ ಕೂತು ಹಿಡ್ಕೋಬೇಕು. ಅಲ್ಲಿ ಮೇಲೆ ಯಾರು ಹಿಡ್ಕೊಳ್ತಾರೆ?"

ಹನ್ನೆರಡು ದಿನದಿಂದ ಸಿಕ್ಕವರಿಗೆಲ್ಲ ಮಗಳು ಮೇಲಿದ್ದಾಳೆ, ಮೇಲಿದ್ದಾಳೆ ಎಂದು ಹೇಳಿಕೊಂಡು ತಿರುಗಿದ್ದ ಆ ಮನುಷ್ಯ ಅಲ್ಲೇ ನೆಲಕ್ಕೆ ಕುಸಿದು ಕೂತ. ಅವನು ಅತ್ತ ಹಾಗೆ ಗಂಡಸರು ಅಳುವುದನ್ನು ನಾನು ನೋಡಿರಲಿಲ್ಲ. ಮಗು ಅವನನ್ನು ಸ್ವಲ್ಪ ಹೊತ್ತು ನೋಡಿ, ತಾನೇ ಸೊಂಟದ ಗಂಟು ಬಿಚ್ಚಿಕೊಂಡು, ಮಂಚದಿಂದ ಇಳಿದು ಹೋಗಿ ಅಪ್ಪನ ಬೆನ್ನಿಗೆ ಆತುಕೊಂಡು ಕೂತು, ಹಿಂದಿನಿಂದ ಹಿಡಿದುಕೊಂಡಿತು.

ಮರುದಿನ, ಅಂದರೆ ಹನ್ನೊಂದನೇ ದಿನ, ಚಿಕ್ಕಮ್ಮ ಅಂಗಡಿಗೆ ಬರಲಿಲ್ಲ. ಬೆಳಗಾದಾಗಿನಿಂದ ಸಂಜೆಯವರೆಗೆ ಅವರ ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು, ಬಾಗಿಲು ಮಾತ್ರ ತಟ್ಟಲಿಲ್ಲ. ಐದು ಗಂಟೆಗೆ ತಾಯಿ ಹಾಲಿನ ಲೋಟ ತೊಳೆಯಲು ಹೊರಬಂದು ಇವಳನ್ನು ಕಂಡು, "ಜ್ವರ ಇಳೀತು, ಎರಡು ಬ್ರೆಡ್ ತಿಂದಳು," ಎಂದಳಂತೆ. ಆಮೇಲೆಯೇ ಚಿಕ್ಕಮ್ಮನಿಗೆ ತಾನು ಬೆಳಗಿನಿಂದ ನೀರೂ ಕುಡಿದಿಲ್ಲವೆಂದು ನೆನಪಾದದ್ದು.

ದೊಡ್ಡವಳ ಹೊಸ ಫೋಟೋಕ್ಕೆ ಡ್ರೈವರ್ ಶಾಲೆಯ ಮೈದಾನದಲ್ಲಿ ತೆಗೆದದ್ದೊಂದನ್ನು ತಂದುಕೊಟ್ಟ. ಈ ಸಲ ಚಿಕ್ಕಮ್ಮ ಅವನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಮಾಡಿದಳು. ಹುಬ್ಬಿನ ಗಾಯದ ಗುರುತು ಒರೆಸಲಿಲ್ಲ. ಮೋಡ ಹಾಸಲಿಲ್ಲ. ಹುಡುಗಿ ಎರಡೂ ಕಾಲು ಊರಿ ನಿಂತಿದ್ದಾಳೆ, ಶೂ ತುಂಬಾ ಮಣ್ಣು, ಕೆಳಗೆ ನೆಲ.

ರೆಕ್ಕೆಯ ಕೆಲಸವನ್ನು ಚಿಕ್ಕಮ್ಮ ಬಿಟ್ಟಿಲ್ಲ. ಜನ ಕೇಳುತ್ತಾರೆ, ಹಾಕಿಕೊಡುತ್ತಾಳೆ. ಆದರೆ ಅದಕ್ಕೆ ಮುಂಚೆ ಒಳಕೋಣೆಯಿಂದ ಹೊರಗೆ ಬಂದು, ಕೌಂಟರಿನ ಈಚೆ ನಿಂತು, ಅವರ ಮುಖ ನೋಡಿ ಒಂದು ಮಾತು ಕೇಳುತ್ತಾಳೆ. ಕೆಲವರು ತಬ್ಬಿಬ್ಬಾಗುತ್ತಾರೆ. ಕೆಲವರು ಯೋಚನೆ ಮಾಡಿ, ಆಮೇಲೆ ರೆಕ್ಕೆ ಬೇಡ ಎಂದು ಹೇಳಿ ಹೋಗುತ್ತಾರೆ.

"ಅವರಿಗೆ ಎತ್ತರ ಅಂದ್ರೆ ಭಯ ಇತ್ತಾ?"