ಬೆಲ್ಲ ಇಟ್ಟು ಹೊಲಿದ ಜಿಂಕೆ

ಬಾಣ ಯಾರಿಗೂ ತಾಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕೇಳಿದವರೆಲ್ಲ ಅರ್ಧದಲ್ಲೇ ನನ್ನನ್ನು ತಡೆದು ಅದನ್ನೇ ವಿಚಾರಿಸುತ್ತಾರೆ. ಆದರೂ ಆ ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆದಿಡಬೇಕು ಅನ್ನಿಸಿದೆ.

ನಮ್ಮ ಮನೆ ಇರುವುದು ಅಮೆರಿಕದ ಪ್ಲಿಮತ್ ಎಂಬ ಊರಿನ ಹೊರಗೆ. ಹಿತ್ತಿಲ ಕೊನೆಗೆ ಆಳೆತ್ತರದ ಹಲಗೆ ಬೇಲಿ. ಬೇಲಿಯಾಚೆ ಒಬ್ಬ ಅಮೆರಿಕನ್ ಮುದುಕರ ತೋಟ. ಕಾರ್ಖಾನೆಯಿಂದ ನಿವೃತ್ತರಾದವರು, ಒಂಟಿ. ನನ್ನ ಗಂಡನಿಗೆ ಬಿಲ್ಲು ಕೊಟ್ಟವರು ಅವರೇ. ಮೊಣಕಾಲು ನೋವಿನಿಂದ ಅವರು ಬೇಟೆ ಬಿಟ್ಟಿದ್ದರು. ಉತ್ತರದಲ್ಲಿ ಅವರ ತಮ್ಮನಿಗೆ ಸ್ವಂತ ಕಾಡಿದೆ, ಜಿಂಕೆಗಳು ಬೇಕಾದಷ್ಟಿವೆ, ಈ ಸಲ ನೀನು ಹೋಗು ಅಂದಿದ್ದರು.

ನನ್ನ ಗಂಡ ಬೇಟೆಗಾರನಲ್ಲ, ಕಾರಿನ ಬ್ರೇಕ್ ಡಿಸೈನ್ ಮಾಡುವವನು. ಅವನಿಗೆ ಆಸೆ ಹುಟ್ಟಿದ್ದು ಬೇರೆ ಕಾರಣಕ್ಕೆ. ಬಾಣ ಬಿಡುವ ಕ್ಷಣದಲ್ಲಿ ಅಲ್ಲಾಹನ ಹೆಸರು ಹೇಳಿದ್ದರೆ, ಮೊನೆ ನೆಟ್ಟು ಪ್ರಾಣಿ ಸತ್ತರೆ, ಆ ಮಾಂಸ ನಮಗೆ ಹಲಾಲ್. ಇಷ್ಟು ವರ್ಷ ಅಂಗಡಿಯ ಪೊಟ್ಟಣದ ಮೇಲಿನ ಚೀಟಿ ಓದಿ ನಂಬಿ ತಿಂದಿದ್ದೇವೆ, ಒಂದು ಸಲ ನಾವೇ ಹೆಸರು ಹೇಳಿ ತರೋಣ ಅಂದ. ಆದರೆ ಪ್ರಾಣಿ ನರಳಬಾರದು. ಮುಂಗಾಲಿನ ಹಿಂದೆ ಅಂಗೈಯಗಲದ ಜಾಗಕ್ಕೆ ಬಾಣ ಹೋಗಲೇಬೇಕು. ಅದಕ್ಕೆ ಅಭ್ಯಾಸ ಬೇಕು, ಅಭ್ಯಾಸಕ್ಕೊಂದು ಜಿಂಕೆ ಬೇಕು.

ಆ ಜಿಂಕೆಯನ್ನು ನಾವು ಮನೆಯಲ್ಲೇ ಮಾಡಿದೆವು. ಕಾಲುಗಳಿಗೆ ಮರದ ಪಟ್ಟಿ. ಕತ್ತು, ತಲೆಗೆ ಹಳೆಯ ಹಾಸಿಗೆಯ ಫೋಮ್. ಮೈಗೆ ಬಾಸ್ಮತಿ ಅಕ್ಕಿಯ ಚೀಲಗಳು, ಒಳಗೆ ತುರುಕಲು ಹಳೆ ಬಟ್ಟೆ. ಗಂಡ ಬಟ್ಟೆಗಳನ್ನು ಉಂಡೆ ಮಾಡಿ ತುರುಕುತ್ತಿದ್ದುದನ್ನು ಅತ್ತೆ ಸೋಫಾದಿಂದ ಸ್ವಲ್ಪ ಹೊತ್ತು ನೋಡಿದರು. ಅವರು ಬ್ಯಾಡಗಿಯವರು. ಮೆಣಸಿನಕಾಯಿ ಚೀಲ ಹೊಲಿದ ಕೈ, ಅದಕ್ಕಿಂತ ಹೆಚ್ಚಾಗಿ ಹಳೆ ಸೀರೆಗಳಿಂದ ಹೊದೆಯುವ ಕೌದಿ ಹೊಲಿದ ಕೈ.

"ಏನ್ ಮಾಡಾಕತ್ತೀಯೋ ತಮ್ಮಾ? ಹಿಂಗ ತುರುಕಿದ್ರ ನಾಳೆ ಎಲ್ಲಾ ಕೆಳಗ ಕುಸೀತೈತಿ. ನಿನ್ನ ಜಿಂಕಿ ಬಸುರಿ ಆಗತೈತಿ ನೋಡು."

"ಮತ್ತೆ ಹೇಗ್ ಮಾಡ್ಲಿ ಅಮ್ಮಿ?"

"ಸರಿ ಆ ಕಡೆ. ದಬ್ಬಣ ಕೊಡು."

ಆಮೇಲಿನದು ಅವರ ಕೆಲಸ. ಗುಂಡಿ, ಹುಕ್ಕು, ಜಿಪ್ಪುಗಳನ್ನೆಲ್ಲ ಕತ್ತರಿಸಿ ತೆಗೆದರು. ಲೋಹ ಇದ್ದರೆ ಬಾಣ ಕೆಡುತ್ತದೆಂದು ಮುದುಕರು ಹೇಳಿದ್ದರು. ನನ್ನ ಹಳೆಯ ಚೂಡಿದಾರ, ಅವರ ಸೀರೆ, ಗಂಡನ ಅಂಗಿಗಳನ್ನು ಒಂದರ ಮೇಲೊಂದು ಹಾಸಿ, ಕೌದಿಯಂತೆ ಸಾಲುಸಾಲಾಗಿ ಹೊಲಿಗೆ ಹಾಕಿ, ಆ ದಪ್ಪ ಕೌದಿಗಳನ್ನು ಮಡಿಸಿ ಚೀಲದೊಳಗೆ ನಿಲ್ಲಿಸಿದರು. ಒತ್ತಿದರೆ ಬೆರಳು ಒಳಗಿಳಿಯುತ್ತಿರಲಿಲ್ಲ. ಕೊನೆಯ ಸೀಳು ಮುಚ್ಚುವ ಮುಂಚೆ ಅಡುಗೆಮನೆಗೆ ಹೋಗಿ ಬೆಲ್ಲ ತುಪ್ಪ ಸವರಿದ ಚಪಾತಿ ಚೂರೊಂದನ್ನು ತಂದು ಹೊಟ್ಟೆಯ ಭಾಗದಲ್ಲಿಟ್ಟರು.

"ಇದ್ಯಾಕೆ ಅಮ್ಮಿ?" ಎಂದೆ.

"ಕೌದಿ ಹೊಟ್ಟಿ ಖಾಲಿ ಇಟ್ಟು ಮುಚ್ಚಬಾರದವ್ವಾ. ಉಪಾಸ ಕೂಡತೈತಿ, ಹೊದ್ದವ್ರಿಗೂ ಉಪಾಸ ಕೆಡವತೈತಿ."

"ಇದನ್ನ ಯಾರೂ ಹೊದ್ದುಕೊಳ್ಳಲ್ವಲ್ಲ."

"ಆದ್ರೇನು, ನನ್ನ ಕೈಲೆ ಹೊಲದದ್ದು ಹೌದಲ್ಲವ್ವಾ?"

ಅವರ ಊರಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ಗಂಡ ನಕ್ಕ, ನಾನೂ ನಕ್ಕೆ. ಜಿಂಕೆಯನ್ನು ಬೇಲಿಯ ಮುಂದೆ ನಿಲ್ಲಿಸಿದೆವು.

ವಾರಗಟ್ಟಲೆ ಅದು ಒಂದು ಬಾಣವನ್ನೂ ಆಚೆ ಬಿಡಲಿಲ್ಲ. ಸಂಜೆ ಕೆಲಸದಿಂದ ಬಂದವನು ಪ್ರತಿ ಬಾಣಕ್ಕೂ "ಬಿಸ್ಮಿಲ್ಲಾ" ಎನ್ನುತ್ತ ಹೊಡೆಯುವನು. ಹಿತ್ತಿಲ ಬಾಗಿಲಿನ ಮರದ ಜಗಲಿ, ಡೆಕ್ಕಿನ ಮೇಲೆ ಕುರ್ಚಿ ಹಾಕಿಕೊಂಡ ಅತ್ತೆ, "ಚಿಂದಿಗೆ ಯಾಕೋ ಬಿಸ್ಮಿಲ್ಲಾ? ಚಿಂದಿ ತಿಂತೀಯೇನು?" ಎನ್ನುವರು. "ಬಾಯಿಗೆ ರೂಢಿ ಆಗ್ಲಿ ಅಮ್ಮಿ, ಆ ಹೊತ್ತಿಗೆ ಮರೆತುಬಿಟ್ರೆ?" ಎನ್ನುವನು. ಎತ್ತರದ ಆಳಾದ ಮುದುಕರು ಬಾಣದ ದಾರಿಯಿಂದ ದೂರದ ಮೂಲೆಯಲ್ಲಿ ಬೇಲಿಯ ಮೇಲೆ ಗಲ್ಲವಿಟ್ಟು ನೋಡುವರು. ಈ ಜಿಂಕೆ ನಾನು ಹೊಡೆದ ಎಲ್ಲ ಜಿಂಕೆಗಳಿಗಿಂತ ಗಟ್ಟಿ ಎಂದು ಒಮ್ಮೆ ಹೊಗಳಿದ್ದರು.

ಅಕ್ಟೋಬರ್‌ನ ಒಂದು ಶನಿವಾರ ಬೆಳಿಗ್ಗೆ. ನಾನು ಪಾತ್ರೆ ತೊಳೆಯುತ್ತಿದ್ದೆ. ಮೇಪಲ್ ಎಲೆಗಳು ಹಿತ್ತಿಲಲ್ಲಿ ದಪ್ಪಗೆ ಬಿದ್ದಿದ್ದವು, ಜಿಂಕೆಯ ಕಾಲು ಅರ್ಧ ಮುಚ್ಚಿಹೋಗಿತ್ತು. ಗಂಡ ನಿಂತ, ಎಳೆದ, ಬಾಯಿ ಅಲ್ಲಾಡಿತು, ಬಿಟ್ಟ. ಬಾಣ ಜಿಂಕೆಯೊಳಗೆ ಹೋಯಿತು. ದಿನವೂ ಅದರ ಹಿಂಬದಿಯ ಗರಿ ಹೊರಗೆ ಚಾಚಿ ನಿಲ್ಲುತ್ತಿತ್ತು. ಅವತ್ತು ಗರಿ ಇರಲಿಲ್ಲ. ಬೇಲಿಯ ಕಡೆಯಿಂದ ಟಕ್ ಎಂದು ಒಂದು ಸಣ್ಣ ಸದ್ದು ಬಂತು. ಆಮೇಲೆ ಏನೂ ಇಲ್ಲ.

ನನಗೆ ತಕ್ಷಣ ನೆನಪಾದದ್ದು ಒಂದೇ: ಸ್ವಲ್ಪ ಹೊತ್ತಿನ ಹಿಂದೆ ಮುದುಕರ ನೀಲಿ ಟೋಪಿ ಬೇಲಿಯಾಚೆ ಸರಿದು ಕೆಳಗೆ ಹೋದದ್ದನ್ನು ನಾನು ಇದೇ ಕಿಟಕಿಯಿಂದ ಕಂಡಿದ್ದೆ. ಚಳಿಗಾಲಕ್ಕೆ ಮುಂಚೆ ಅವರು ಬೆಳ್ಳುಳ್ಳಿ ಊರುತ್ತಾರೆ. ಮಂಡಿಯೂರಿದರೆ ಟೋಪಿ ಕಾಣುವುದಿಲ್ಲ.

ಗಂಡ ಬಿಲ್ಲನ್ನು ಹುಲ್ಲಿನ ಮೇಲೆ ಬಿಟ್ಟು ಬೇಲಿಯತ್ತ ಓಡುತ್ತ ಅವರನ್ನು ಕೂಗಿದ. ಉತ್ತರವಿಲ್ಲ. ಮತ್ತೆ ಕೂಗಿದ. ಅತ್ತೆ ಡೆಕ್ಕಿನ ಮೇಲೆ ಎದ್ದು ನಿಂತು "ಯಾ ಅಲ್ಲಾ, ಯಾ ಅಲ್ಲಾ" ಎನ್ನುತ್ತಿದ್ದರು. ನಾನು ಸೋಪಿನ ಕೈಯಲ್ಲೇ ಮುಂಬಾಗಿಲಿಂದ ಓಡಿದೆ. ಬೇಲಿಗೆ ಬಾಗಿಲಿಲ್ಲ. ನಮ್ಮ ಮನೆ ಸುತ್ತಿ, ರಸ್ತೆ ತಿರುವು ದಾಟಿ, ಅವರ ಡ್ರೈವ್‌ವೇ ಹತ್ತಿ ಹಿಂದಕ್ಕೆ ಹೋಗಬೇಕು. ಆ ದಾರಿಯಲ್ಲಿ ನಾನು ಯಾವ ದುವಾ ಹೇಳಿದೆನೋ ನೆನಪಿಲ್ಲ. ನೆನಪಿರುವುದು ಕಾಲಿನ ಚಪ್ಪಲಿ ಕಳಚಿ ಹೋದದ್ದು, ರಸ್ತೆ ತಣ್ಣಗಿದ್ದದ್ದು.

ಅವರು ಮಂಡಿಯೂರಿ ಕೂತಿದ್ದರು, ನನಗೆ ಬೆನ್ನು. ಬೆನ್ನು ಅಲ್ಲಾಡುತ್ತಿತ್ತು. ಮಣ್ಣಿನಲ್ಲಿ ಬೆಳ್ಳುಳ್ಳಿಯ ಒಂದೊಂದೇ ಎಸಳು ಒತ್ತುತ್ತಿದ್ದರು. ಅವರಿಂದ ಎರಡು ಮಾರು ಆಚೆ, ಎಲೆ ತುಂಬಿದ ಕಾಗದದ ಚೀಲವೊಂದರಲ್ಲಿ ಬಾಣ ಗರಿಯವರೆಗೂ ಹೊಕ್ಕು ನಿಂತಿತ್ತು. ಕಿವಿಯ ಯಂತ್ರವನ್ನು ಅವರು ಒಳಗೆ ಮೇಜಿನ ಮೇಲೆ ಬಿಟ್ಟು ಬಂದಿದ್ದರು. ನಮ್ಮ ಕೂಗು, ಆ ಸದ್ದು, ಯಾವುದೂ ಅವರಿಗೆ ಕೇಳಿರಲಿಲ್ಲ.

ನಾನು ಭುಜ ಮುಟ್ಟಿದೆ. ತಿರುಗಿದವರು ನನ್ನ ಮುಖ ನೋಡಿ ಮೊದಲು ನನಗೇ ಏನೋ ಆಯಿತೆಂದುಕೊಂಡರು. ಬಾಣ ತೋರಿಸಿದೆ. ಅದನ್ನು ನೋಡಿದರು, ಬಾಣ ತೂರಿ ಬಂದ ಬೇಲಿಯ ಸೀಳನ್ನು ನೋಡಿದರು. ಆಮೇಲೆ, "ಸದ್ಯ, ಇವತ್ತು ಕಂದು ಜಾಕೆಟ್ ಹಾಕ್ಕೊಂಡಿಲ್ಲ," ಎಂದರು. ನನಗೆ ನಗು ಬರಲಿಲ್ಲ. ಅವರ ಪಕ್ಕದಲ್ಲೇ ಮಣ್ಣಿನಲ್ಲಿ ಕೂತು ಅತ್ತುಬಿಟ್ಟೆ. ಗಂಡ ಓಡಿ ಬಂದಾಗ ಅವರು ನನ್ನ ಬೆನ್ನು ತಟ್ಟುತ್ತಿದ್ದರು, ಅವನು ಅವರ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ.

ಮೂವರೂ ಬಂದು ಜಿಂಕೆಯನ್ನು ಉರುಳಿಸಿದೆವು. ಎದುರಿನ ಮೈ ಹೊಲಿದ ದಿನದಂತೆಯೇ ಇತ್ತು. ಬೇಲಿಯ ಕಡೆಯ ಹೊಟ್ಟೆ ಹರಿದು, ಒಳಗೆ ಒಂದು ಬಿಂದಿಗೆ ಹಿಡಿಸುವಷ್ಟು ಪೊಳ್ಳು. ಎಲೆಗಳ ಅಡಿಯಲ್ಲಿ ಸೀರೆಯ ಚೂರುಗಳು. ರಕೂನಿನ ಕೆಲಸ ಎಂದರು ಮುದುಕರು. ಇಲ್ಲಿ ಕಸದ ಡಬ್ಬಿಯ ಮುಚ್ಚಳವನ್ನೂ ಕೈಯಿಂದ ತೆಗೆಯುವ ಪ್ರಾಣಿ ಅದು. ಆದರೆ ಚಿಂದಿಯಲ್ಲಿ ಅದಕ್ಕೇನು ಸಿಕ್ಕೀತು ಎಂದು ಅವರಿಗೆ ಅರ್ಥವಾಗಲಿಲ್ಲ. ಗಂಡ ಅವರ ಕಿವಿಯ ಹತ್ತಿರ ಬಾಗಿ ಇಂಗ್ಲಿಷಿನಲ್ಲಿ ಜೋರಾಗಿ ಚಪಾತಿಯ ಕಥೆ ಹೇಳಿದ. ಅವರು ಡೆಕ್ಕಿನ ಮೇಲಿದ್ದ ಅತ್ತೆಯತ್ತ ತಿರುಗಿ ಟೋಪಿ ತೆಗೆದು ಏನೋ ಹೇಳಿದರು.

"ಏನಂತಾರ?" ಎಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತ.

"ರಕೂನ್ ನಿಮಗೆ ಥ್ಯಾಂಕ್ಸ್ ಹೇಳಿತಂತೆ ಅಮ್ಮಿ," ಎಂದೆ.

"ಅದರ ಹೊಟ್ಟಿ ತುಂಬ್ತಲ್ಲ. ಇವ್ರ ಜೀವ ಉಳೀತಲ್ಲ. ಸಾಕು."

ಹಿತ್ತಿಲಲ್ಲಿ ಮತ್ತೆ ಬಾಣ ಹೊಡೆಯಲಿಲ್ಲ. ಅತ್ತೆ ಇನ್ನೊಂದು ಮೈ ಹೊಲಿದರು, ಹೊಟ್ಟೆಗೆ ಏನೂ ಇಡದೆ, ಅದಕ್ಕಾಗಿ ಗೊಣಗುತ್ತ. ಊರಾಚೆ ಪರಿಚಯದವರ ಹೊಲದಲ್ಲಿ ಎತ್ತರದ ಮಣ್ಣಿನ ದಿಬ್ಬವೊಂದಿದೆ, ಅದರ ಮುಂದೆ ನಿಲ್ಲಿಸಿದೆವು. ಗಂಡ ಶುರುಮಾಡುವ ಮುಂಚೆ ಹೋಗಿ ಅದರ ಹಿಂಬದಿಗೆ ಕೈಯಾಡಿಸಿ ನೋಡುತ್ತಿದ್ದ.

ನವೆಂಬರ್‌ನಲ್ಲಿ ಕಾಡಿಗೆ ಹೋದವನು ಬರಿಗೈಯಲ್ಲಿ ಬಂದ. ಜಿಂಕೆ ಬಂತು, ಹತ್ತಿರದಲ್ಲೇ ಪಕ್ಕೆ ತೋರಿಸಿ ನಿಂತಿತು, ಬಿಲ್ಲು ಎಳೆದೂ ಇದ್ದೆ ಎಂದ.

"ಮತ್ತೆ?"

"ಅದರ ಹಿಂದೆ ಏನಿದೆ ಅಂತ ಕಾಣಲಿಲ್ಲ. ಬರೀ ಪೊದೆ. ಬಿಲ್ಲು ಇಳಿಸಿಬಿಟ್ಟೆ."

ಅತ್ತೆ ಒಲೆಯ ಹತ್ತಿರದಿಂದ, "ಮತ್ತ ನಾ ಮಸಾಲಿ ಅರದಿಟ್ಟೀನಲ್ಲೋ!" ಎಂದರು. ಕೋಳಿ ತರಿಸಿದೆವು, ಮುದುಕರನ್ನೂ ಕರೆದೆವು. ಕಿವಿಯ ಯಂತ್ರ ಹಾಕಿಕೊಂಡೇ ಬಂದರು. ಬ್ಯಾಡಗಿ ಮೆಣಸಿನಕಾಯಿಗೆ ಅವರ ಕಣ್ಣು ಮೂಗು ಎರಡೂ ಸುರಿಯುತ್ತಿದ್ದವು, ಬೇಡವೆನ್ನದೆ ಇನ್ನೊಂದು ಸೌಟು ಹಾಕಿಸಿಕೊಂಡರು. ಅವರು ಉಣ್ಣುವುದನ್ನು ನೋಡುತ್ತ ನಾನು ನನ್ನ ತಟ್ಟೆ ಮರೆತೇ ಕೂತಿದ್ದೆ.