ಈರಕ್ಕನ ಹೊಳೆದಂಡೆ ಹೊಲ

ನನ್ನ ಓರಗಿತ್ತಿ ಈರಕ್ಕ ಕೂತು ಮಾತಾಡಿದ್ದನ್ನು ನಾನು ಕಂಡಿಲ್ಲ. ಕೋಲಿಗೆ ಗದ್ದ ಊರಿ, ಒಂದು ಕಾಲಿಗೆ ಇನ್ನೊಂದು ಕಾಲು ಸುತ್ತಿ ನಿಂತುಬಿಡುತ್ತಿದ್ದಳು. ಮದುವೆ ಮನೆಯಲ್ಲೂ ಅಷ್ಟೆ. ನೋಡಲು ಚೆಂದವಿರಲಿಲ್ಲ, ಬಾಯಂತೂ ಇನ್ನೂ ಚೆಂದವಿರಲಿಲ್ಲ. ತನಗಾಗದ ನೆಂಟರ ಹೆಸರನ್ನೆಲ್ಲ ತನ್ನ ಕುರಿಗಳಿಗೆ ಇಟ್ಟಿದ್ದಳು. ಒಂದು ಕುರಿಗೆ ನನ್ನ ಹೆಸರು. ಯಾಕೆ ಅಂದರೆ, "ಅದೂ ನಿನ್ನಂಗೇ, ಮೇಯೋದ್ಕಿಂತ ಅರಚೋದೇ ಜಾಸ್ತಿ ಕಣೆ" ಅಂದಳು.

ನಾಗಲಮಡಿಕೆ ಕಡೆ, ಹೊಳೆಯ ದಂಡೆಯಲ್ಲಿ ಅವಳ ಹೊಲ. ಇನ್ನೊಂದಿಷ್ಟು ನಡೆದರೆ ಆಂಧ್ರ. ಮರಳು ಕದಿಯುವವರು ಆ ಕಡೆಯಿಂದಲೂ ಬರುತ್ತಿದ್ದರು, ಈ ಕಡೆಯಿಂದಲೂ. ಒಂದು ಬೇಸಿಗೆ ಅವಳ ಮುಳ್ಳುಬೇಲಿ ಕಿತ್ತು, ದಂಡೆ ಕಡಿದು, ಹೊಲದ ಮೇಲೇ ಹೊಳೆಗೆ ಟ್ರ್ಯಾಕ್ಟರ್ ಇಳಿಸಿದರು. ದಂಡೆ ಹೋದರೆ ಮಳೆಗಾಲಕ್ಕೆ ಹೊಲವೂ ಹೊಳೆಪಾಲು. ದೂರು ಕೊಟ್ಟಳು. ಯಾರಾದರೂ ಬಂದು ನೋಡುವ ಹೊತ್ತಿಗೆ ಟ್ರ್ಯಾಕ್ಟರ್ ಇರುತ್ತಿರಲಿಲ್ಲ.

ಆಗ ಅವಳು ಊರೂರು ಅಲೆಯುವ ಕುರಿಯವರನ್ನು ಕರೆದು ಹೊಲದಲ್ಲಿ ಮಂದೆ ಹಾಕಿಸಿದಳು. ಗೊಬ್ಬರಕ್ಕೆಂದು ಬೇರೆಯವರ ಕುರಿ ಮಲಗಿಸಿಕೊಂಡರೆ ಹೊಲದವರು ಕಾಳು ಕೊಡಬೇಕು. ಮನೆಯಲ್ಲೇ ಕುರಿ ಇಟ್ಟುಕೊಂಡು ಹೊರಗಿನ ಕುರಿಗೆ ರಾಗಿ ಅಳೆಯುತ್ತಾಳೆ ಎಂದು ಊರು ನಕ್ಕಿತು. ನಾನೂ ನಕ್ಕೆ.

ಬೆಳಗಾಗುತ್ತಲೇ ಟ್ರ್ಯಾಕ್ಟರ್ ಬಂತು. ದಾರಿಯ ತುಂಬ ಕುರಿ, ಸುತ್ತ ನಾಯಿಗಳು. ಕುರಿ ಪಕ್ಕಕ್ಕೆ ಹೊಡಿ ಎಂದು ಮರಳಿನ ಧಣಿ ತೆಲುಗಿನಲ್ಲಿ ಗದರಿದ: "ಏಮಮ್ಮಾ, ಗೊರ್ರೆಲ್ನಿ ಪಕ್ಕಕು ತೋಲು."

"ನನ್ನವಲ್ಲ ಕಣಪ್ಪ. ಮಂದೆ ಎದ್ದೋದ್ಮೇಲೆ ಬಾ."

"ಯಾವಾಗ ಏಳ್ತದೆ?"

"ಕುರಿನೇ ಕೇಳು."

ಒಂದು ಕುರಿ ಗಾಲಿಗೆ ಸಿಕ್ಕರೂ ಕುರಿಯವರ ಹಟ್ಟಿಗಳೆಲ್ಲ ಕೋಲು ಹಿಡಿದು ಬರುತ್ತವೆಂದು ಅವನಿಗೂ ಗೊತ್ತಿತ್ತು. ಹಿಂದಕ್ಕೆ ಹೋದ. ಒಂದು ಮಂದೆ ಎದ್ದರೆ ಈರಕ್ಕ ಇನ್ನೊಂದನ್ನು ತಂದು ಕೂರಿಸಿದಳು. ಹೊಳೆಗೆ ನೀರು ಬರುವವರೆಗೂ ಅದೇ ಕೆಲಸ. ತನ್ನ ರಾಗಿ ಮುಗಿದ ಮೇಲೆ ನನ್ನದನ್ನೂ ಕುರಿಯವರಿಗೆ ಅಳೆದಳು. ಆ ವರ್ಷ ನಮ್ಮಿಬ್ಬರ ಮನೆಯಲ್ಲೂ ಮುದ್ದೆಗೆ ಹಿಟ್ಟಿರಲಿಲ್ಲ, ಸೊಸೈಟಿ ಅಕ್ಕಿ ತಿಂದೆವು. ಅನ್ನ ಸೇರುವುದಿಲ್ಲ ಎಂದು ನಾನು ಗೊಣಗಿದರೆ, "ಮಣ್ಣು ಸೇರ್ತದಾ?" ಅನ್ನುತ್ತಿದ್ದಳು. ಆಮೇಲೆ ಪ್ರತಿ ಬೇಸಿಗೆಯೂ ಇದೇ ಮಂದೆ, ಇದೇ ಜಗಳ.

ಹೋದ ವರ್ಷ ಕಾಯಿಲೆ ಬಿದ್ದು ಹಾಸಿಗೆ ಹಿಡಿದವಳು ಮತ್ತೆ ಏಳಲಿಲ್ಲ. ಕೊನೆಗೆ ನನ್ನನ್ನು ಕರೆಸಿದಳು.

"ಲೇ, ಮರಳಿನೋರು ದಂಡೆ ಕಡ್ದು ದಾರಿ ಮಾಡ್ಕೊಂಡವ್ರಲ್ಲ, ಆ ಗಂಡಿಯಾಗೇ ನನ್ನ ಮಣ್ಣು ಮಾಡ್ಸು. ಮಂದೆಯಾದ್ರೆ ಎದ್ದೋಯ್ತದೆ."

"ಅಲ್ಲಿ ಥಂಡಿ ಕಣಕ್ಕ."

"ಸತ್ತೋಳ್ಗೆ ನೆಗಡಿ ಆಯ್ತದೇನೆ?"

ಹಿರಿಯರು ಬೇಡವೆಂದರು. ನಾನು ಅಲ್ಲೇ ಅಗೆಸಿದೆ.

ಈ ಬೇಸಿಗೆ ಟ್ರ್ಯಾಕ್ಟರ್ ಮತ್ತೆ ಬಂತು. ದಾರಿಗಡ್ಡ ಗುಡ್ಡೆ ಹಾಕಿದ ಮಣ್ಣು ಕಂಡು ಡ್ರೈವರ್ ಇಳಿದ, ಚಪ್ಪಲಿ ಬಿಟ್ಟ. ಹತ್ತಿಸಿಕೊಂಡು ಹೋಗು ಎಂದು ಧಣಿ ಕೂಗಿದ.

"ಸಮಾಧಿ ಮ್ಯಾಲೆ ನಾನ್ ಹತ್ಸಲ್ಲಣ್ಣ. ಬೇಕಾದ್ರೆ ನೀನೇ ಓಡ್ಸು" ಎಂದು ಅವನು ಕೀಲಿಯನ್ನು ಧಣಿಯ ಕೈಗೆ ಕೊಟ್ಟ.

ಧಣಿ ಕೀಲಿ ಹಿಡಿದು ಅತ್ತ ನೋಡಿದ, ಇತ್ತ ನೋಡಿದ. ಓಡಿಸಲಿಲ್ಲ.