ಸೂರ್ಯನನ್ನೇ ನೋಡುತ್ತ ಕುಳಿತವಳು

ತೊಂಬತ್ತರ ದಶಕದಲ್ಲಿ ಅರಸೀಕೆರೆಯ ಕಾಲೇಜಿನಲ್ಲಿ ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಮೇಡಂಗೆ ಗ್ರೀಕರ ಸೂರ್ಯದೇವನ ಕಥೆಯೆಂದರೆ ಸಿಟ್ಟು. ಅವನು ಕೈಬಿಟ್ಟ ಹೆಣ್ಣೊಬ್ಬಳು ಅನ್ನ ನೀರು ಬಿಟ್ಟು, ದಿನವಿಡೀ ಅವನನ್ನೇ ನೋಡುತ್ತ ಕುಳಿತು, ಕೊನೆಗೆ ಅವನತ್ತ ತಿರುಗುವ ಹೂವಾದಳಂತೆ. “ಸೂರ್ಯನಿಗೇನ್ರೋ ಆಗುತ್ತೆ? ಕತ್ತು ನೋಯೋದು ಹೂವಿಗೆ” ಎಂದು ಪ್ರತಿ ಸಲವೂ ಹೇಳುತ್ತಿದ್ದರು. ಅವರ ಗಂಡ ಬೇರೆಯವಳ ಜೊತೆ ಹೋಗಿದ್ದು ಊರಿಗೆಲ್ಲ ಗೊತ್ತಿತ್ತು.

ಒಂದು ಮಧ್ಯಾಹ್ನ ಪಾಠದ ನಡುವೆ ಆತ ಬಾಗಿಲಿಗೆ ಬಂದು ನಿಂತ. ಮೇಡಂ ಸೆರಗು ಸರಿಮಾಡಿಕೊಂಡು, ಮುಖವರಳಿಸಿ, “ಊಟ ಆಯ್ತೇನ್ರೀ?” ಎಂದರು.

“ಊಟಕ್ಕೆ ಬಂದಿಲ್ಲ ಕಣೇ. ಇದಕ್ಕೊಂದು ಸೈನ್ ಹಾಕು. ಅವಳು ಬಸ್‌ಸ್ಟ್ಯಾಂಡಲ್ಲಿ ಕಾಯ್ತಿದಾಳೆ” ಎಂದು ಆತ ವಿಚ್ಛೇದನದ ಕಾಗದ ಚಾಚಿದ.

ಮೇಡಂ ನಮ್ಮೆದುರೇ ಸಹಿ ಹಾಕಿದರು. ಕಾಗದವನ್ನು ಅವನ ಕೈಗಿಡುತ್ತ ಕೇಳಿದರು:

“ಅವಳನ್ನೂ ಬಿಸಿಲಲ್ಲೇ ನಿಲ್ಲಿಸಿ ಬಂದ್ರಾ?”